ಕಡಲ ಮರಳಿಗೆ ಮಲೆನಾಡಿನ ಬೈಕು

ಹಪ್ಪಳದ ಹಿಟ್ಟಿನ ಹದದ ಬಗ್ಗೆ ಬರೆಯಬೇಕಾದವಳು ಟಯರಿನ ಗಾಳಿಯ ಹದದ ಬಗ್ಗೆ ಬರೆಯಲು ಕೂತಿದ್ದಾಳಲ್ಲ ಎಂದು ನೀವು ನಗಬಹುದು. ನಗಿ, ಪರವಾಗಿಲ್ಲ. ಆರು ತಿಂಗಳ ಹಿಂದೆ ಯಾರಾದರೂ ಹೀಗೆ ಹೇಳಿದ್ದರೆ ನಾನೂ ನಗುತ್ತಿದ್ದೆ. ಸ್ಕೂಟರಿನ ಹಿಂದೆ ಒಂದೇ ಕಡೆ ಕಾಲು ಹಾಕಿ ಕೂತು, ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಪೇಟೆಗೆ ಹೋಗಿ ಬರುವುದು, ನನಗೆ ಗೊತ್ತಿದ್ದ ವಾಹನ ವಿದ್ಯೆ ಅಷ್ಟೇ.

ನಮ್ಮದು ಕೊಪ್ಪದಿಂದ ಹರಿಹರಪುರಕ್ಕೆ ಹೋಗುವಾಗ ಟಾರು ರಸ್ತೆ ಬಿಟ್ಟು ಒಳಗೆ ಸಿಗುವ ಒಂದು ಹಳ್ಳಿ. ಮುಕ್ಕಾಲು ಮೈಲಿ ಮಣ್ಣಿನ ದಾರಿ. ಮಳೆಗಾಲದಲ್ಲಿ ಆ ಕೆಂಪು ಮಣ್ಣು ಹೇಗಿರುತ್ತದೆಂದು ಮಲೆನಾಡಿನ ಸೋದರಿಯರಿಗೆ ಹೇಳಬೇಕಾಗಿಲ್ಲ; ಬಯಲುಸೀಮೆಯವರು ಎಣ್ಣೆ ಸವರಿದ ಬಾಳೆಲೆಯ ಮೇಲೆ ನಡೆದಂತೆ ಎಂದುಕೊಳ್ಳಿ. ಜೀಪು ಕೂಡ ಗಾಲಿಗೆ ಕಬ್ಬಿಣದ ಚೈನು ಸುತ್ತಿಕೊಂಡೇ ನಮ್ಮ ದಿಬ್ಬ ಹತ್ತಬೇಕು.

ಮಗಳು ಉಡುಪಿಯಲ್ಲಿ ಕೆಲಸದಲ್ಲಿದ್ದಾಳೆ. ಶಿವರಾತ್ರಿ ಕಳೆದ ಮೇಲೆ ಒಂದು ಭಾನುವಾರ ಮನೆಗೆ ಬಂದವಳು, ಕಡುಬು ತಿನ್ನುತ್ತಾ ತಿನ್ನುತ್ತಾ ಬಾಂಬು ಹಾಕಿದಳು.

"ಅಮ್ಮಾ, ಮೇ ತಿಂಗಳಲ್ಲಿ ಕಡಲ ತೀರದಲ್ಲಿ ಬೈಕ್ ಓಟ ಇದೆ. ಹುಡುಗಿಯರಿಗೂ ಅವಕಾಶ ಇದೆ. ನಾನು ಹೆಸರು ಕೊಡ್ತೀನಿ. ಆದ್ರೆ ಒಂದು ಬೈಕ್ ತಗೋಬೇಕು."

ನಮ್ಮವರು ತಟ್ಟೆಯಿಂದ ತಲೆ ಎತ್ತದೆ, "ಆಗೋದಿಲ್ಲ" ಎಂದರು. ಅತ್ತೆ, "ಎಂತ ಮಾರಾಯ್ತಿ, ಕೈಕಾಲು ಮುರ್ಕೊಂಡ ಹುಡುಗೀನ ನಾಳೆ ಯಾರು ಕಟ್ಕೋತಾರೆ?" ಎಂದು ರಾಗ ಎಳೆದರು.

ನಮ್ಮವರು ಹಾಗೆ ಹೇಳುವುದಕ್ಕೆ ಕಾರಣವಿತ್ತು. ಇದೇ ಮಗಳು ನನ್ನ ಹೊಟ್ಟೆಯಲ್ಲಿದ್ದಾಗ ಅವರು ಬೈಕಿನಿಂದ ಬಿದ್ದು ಬಲಗಾಲು ಮುರಿದಿತ್ತು. ಇವತ್ತಿಗೂ ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾರೆ. ಆ ದಿನದ ಮಾತು ನಮ್ಮ ಮನೆಯಲ್ಲಿ ಯಾರೂ ಎತ್ತುವುದಿಲ್ಲ.

ರಾತ್ರಿ ಅಪ್ಪ ಮಗಳು ಮೊಬೈಲು ಹಿಡಿದು ವಾದಕ್ಕೆ ಕೂತರು. ಬೆಂಗಳೂರಿನ ಐಶ್ವರ್ಯ ಪಿಸ್ಸೆ ಎಂಬ ಹುಡುಗಿ ೨೦೧೮ರಲ್ಲಿ ಸ್ಪೇನಿನ ಓಟದಲ್ಲಿ ಬಿದ್ದು ಹೊಟ್ಟೆಯೊಳಗೆ ಏಟಾಗಿದ್ದನ್ನು ಅಪ್ಪ ಓದಿದರು. ಅದೇ ಹುಡುಗಿ ಮರುವರ್ಷ, ೨೦೧೯ರಲ್ಲಿ, ಮರಳು ಕಲ್ಲಿನ ದಾರಿಯ ಬಾಹಾ ಓಟಗಳ ವಿಶ್ವಕಪ್‌ನಲ್ಲಿ ಮಹಿಳಾ ಪ್ರಶಸ್ತಿ ಗೆದ್ದದ್ದನ್ನು ಮಗಳು ಓದಿದಳು. ಇಬ್ಬರೂ ಹೇಳಿದ್ದು ನಿಜವೇ! ನಾನು ಯಾರ ಪಕ್ಷ ಹಿಡಿಯಲಿ?

ನನಗೆ ನಿದ್ದೆ ಬರಲಿಲ್ಲ. ಬೇಡ ಎಂದರೆ ಅವಳು ಸ್ನೇಹಿತೆಯ ಬೈಕು ತೆಗೆದುಕೊಂಡು ನಮಗೆ ಹೇಳದೆ ಹೋಗುತ್ತಾಳೆ. ಆಗ ಆ ಬೈಕಿನ ಬ್ರೇಕು ನೋಡುವವರಿಲ್ಲ, ಟಯರು ನೋಡುವವರಿಲ್ಲ. ಬೆಳಿಗ್ಗೆ ಎದ್ದು ಹೇಳಿದೆ: "ಹೌದು ಅಂತಲೂ ಇಲ್ಲ, ಅಲ್ಲ ಅಂತಲೂ ಇಲ್ಲ. ಮೊದಲು ಆ ಓಟದವರ ಹತ್ತಿರ ಮೂರು ಮಾತು ಕೇಳಿಕೊಂಡು ಬಾ. ಅನುಮತಿ ಇದೆಯಾ? ಡಾಕ್ಟರೂ ಆಂಬುಲೆನ್ಸೂ ಇರುತ್ತವಾ? ಆ ಜಾಗದಲ್ಲಿ ಕಡಲಾಮೆ ಮೊಟ್ಟೆ ಇಡುತ್ತವಾ?" ನಮ್ಮ ಕರಾವಳಿಗೆ ಚಳಿಗಾಲದಲ್ಲಿ ಆಮೆಗಳು ಮೊಟ್ಟೆಯಿಡಲು ಬರುತ್ತವೆ, ಅವುಗಳ ಬಾಣಂತನದ ಜಾಗದಲ್ಲಿ ಗಾಲಿ ಉರುಳಿಸುವುದು ಹೆಂಗಸರಾದ ನಮಗೆ ಒಪ್ಪುವ ಮಾತಲ್ಲ. ಮೂರಕ್ಕೂ ಸರಿಯಾದ ಉತ್ತರ ಬಂತು. ನಾಲ್ಕನೆಯ ಷರತ್ತು ನನ್ನದು: ಬೈಕು ಆರಿಸುವಾಗ ನಾನೂ ಜೊತೆಗಿರಬೇಕು. ಅವಳ ಸಂಬಳದ ಉಳಿತಾಯಕ್ಕೆ ನನ್ನ ಅಪ್ಪೆಮಿಡಿ ಉಪ್ಪಿನಕಾಯಿಯ ದುಡ್ಡನ್ನೂ ಸೇರಿಸಬೇಕಿತ್ತಲ್ಲ!

ಕೊಪ್ಪ: ಎತ್ತುವ ಪಾಠ

ಕೊಪ್ಪ ಪೇಟೆಯಲ್ಲಿ ನಮಗೆ ಗುರುತಿನ ಮೆಕ್ಯಾನಿಕ್ಕು ಒಬ್ಬರಿದ್ದಾರೆ. ಅವರ ಶೆಡ್ಡಿನಲ್ಲಿ ಅವತ್ತು ಎರಡು ಬೈಕುಗಳು ರಿಪೇರಿಗೆ ನಿಂತಿದ್ದವು. ಒಂದು ರಾಯಲ್ ಎನ್‌ಫೀಲ್ಡಿನ ೪೧೧ ಸಿ.ಸಿ. ಹಿಮಾಲಯನ್, ಇನ್ನೊಂದು ಹೀರೋ ಕಂಪನಿಯ ಎಕ್ಸ್‌ಪಲ್ಸ್ ೨೦೦. ಮಗಳ ಕಣ್ಣು ದೊಡ್ಡದರ ಮೇಲೆ.

ಮೆಕ್ಯಾನಿಕ್ಕು ಏನೂ ಹೇಳದೆ ನೆಲಕ್ಕೆ ಗೋಣಿಚೀಲ ಹಾಸಿ, ಹುಡುಗರನ್ನು ಕರೆದು ದೊಡ್ಡ ಬೈಕನ್ನು ಮೆಲ್ಲಗೆ ಮಲಗಿಸಿದರು. "ಎತ್ತು ನೋಡೋಣ ಪುಟ್ಟೀ. ಮರಳಲ್ಲಿ ಬೀಳದೆ ಇರೋರು ಯಾರೂ ಇಲ್ಲ. ಎತ್ತಕ್ಕೆ ಅಪ್ಪ ಬರ್ತಾರಾ?"

ಬೈಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು, ಒಂದು ಕೈಲಿ ಹ್ಯಾಂಡಲು, ಇನ್ನೊಂದು ಕೈಲಿ ಹಿಂದಿನ ಕಂಬಿ ಹಿಡಿದು, ಸೊಂಟಕ್ಕೆ ಭಾರ ಬೀಳದಂತೆ ಕಾಲಿನ ಬಲದಿಂದ ಹಿಂದೆ ಹಿಂದೆ ನಡೆಯುತ್ತಾ ಎತ್ತಬೇಕಂತೆ. ತುಂಬಿದ ಕೊಡ ಎತ್ತುವಾಗ ನಮ್ಮ ಅಮ್ಮಂದಿರು ಹೇಳಿಕೊಟ್ಟದ್ದೂ ಇದನ್ನೇ! ದೊಡ್ಡದು ೧೯೦ ಕೆ.ಜಿ.ಗೂ ಮೇಲೆ, ಮಗಳು ಮುಖ ಕೆಂಪು ಮಾಡಿಕೊಂಡಳೇ ಹೊರತು ಅದು ಏಳಲಿಲ್ಲ. ಚಿಕ್ಕದು ೧೫೦ರಿಂದ ೧೬೦ ಕೆ.ಜಿ. ಒಳಗೆ; ಎರಡನೇ ಸಲಕ್ಕೆ ಎದ್ದು ನಿಂತಿತು. ಅಲ್ಲಿಗೆ ಬೈಕು ತೀರ್ಮಾನವಾಯಿತು.

ಉಳಿದದ್ದನ್ನು ಅವರೇ ವಿವರಿಸಿದರು. ಮೆತ್ತಗಿನ ಮರಳಿನಲ್ಲಿ ಭಾರದ ಗಾಡಿ ಬೇಗ ಹೂಳುತ್ತದೆ. ಎಂಜಿನ್ನಿನ ಶಕ್ತಿಗಿಂತ ಮೈ ಹಗುರವಾಗಿರುವುದು ಮುಖ್ಯ. ಮುಂದಿನ ಗಾಲಿ ದೊಡ್ಡದಿರಬೇಕು. ಇದರದ್ದು ೨೧ ಇಂಚು, ಅಡ್ಡ ಸಿಕ್ಕ ಗುಂಡಿಯನ್ನು ದಾಟಿಕೊಂಡು ಹೋಗುತ್ತದೆ. ಎಂಜಿನ್ನಿನ ಹೊಟ್ಟೆ ನೆಲದಿಂದ ೨೨೦ ಮಿ.ಮೀ. ಮೇಲಿದೆ. ಗಾಲಿಗೆ ತಂತಿ ಕಡ್ಡಿಗಳಿದ್ದರೆ ಏಟು ಬಿದ್ದಾಗ ಕೊಂಚ ಬಾಗಿ ತಡೆದುಕೊಳ್ಳುತ್ತದೆ. ಸೀಟಿನ ಎತ್ತರ ೮೨೩ ಮಿ.ಮೀ., ಅಂದರೆ ಸುಮಾರು ಎರಡು ಅಡಿ ಎಂಟು ಅಂಗುಲ. ಮಗಳ ಕಾಲ್ಬೆರಳು ನೆಲಕ್ಕೆ ತಾಗಿದವು, ಹಿಮ್ಮಡಿ ತಾಗಲಿಲ್ಲ. "ಒಂದು ಕಾಲು ಪೂರ್ತಿ ಊರೋಕೆ ಬಂದ್ರೆ ಸಾಕು" ಎಂದರು.

"ಟಯರು?" ಎಂದು ಕೇಳಿದೆ. "ಅದಕ್ಕೆ ನೀವು ಮರಳು ನೋಡಬೇಕಮ್ಮಾ. ನಾನು ಕೆಸರಿನ ಮೆಕ್ಯಾನಿಕ್ಕು" ಎಂದು ನಕ್ಕರು.

ಶೃಂಗೇರಿ: ಮರಳಿನ ಪಾಠ

ಮರಳು ಬಲ್ಲವರು ಶೃಂಗೇರಿಯಲ್ಲಿದ್ದರು. ನನ್ನ ದೊಡ್ಡಮ್ಮನ ಮಗ, ವಯಸ್ಸಿನಲ್ಲಿ ಚಿಕ್ಕಮಗಳೂರಿನ ಕಾಫಿ ತೋಟಗಳ ರ‍್ಯಾಲಿಗಳಲ್ಲಿ ಓಡಿಸಿದವನು. ಅಮ್ಮನವರ ದರ್ಶನ ಮಾಡಿ, ಹದಿನಾಲ್ಕನೇ ಶತಮಾನದ ವಿದ್ಯಾಶಂಕರ ದೇವಾಲಯದಲ್ಲಿ ಹನ್ನೆರಡು ರಾಶಿ ಕಂಬಗಳಿಗೆ ಒಂದು ಸುತ್ತು ಬಂದು, ತುಂಗೆಯ ಮೀನುಗಳಿಗೆ ಮಂಡಕ್ಕಿ ಹಾಕಿದ ಮೇಲೆ ಅಣ್ಣ ನಮ್ಮನ್ನು ಪೇಟೆಯಿಂದಾಚೆ ನದಿಯ ಪಕ್ಕದ ಮರಳಿಗೆ ಕರೆದುಕೊಂಡು ಹೋದ.

"ಚಪ್ಪಲಿ ಬಿಚ್ಚಿ ನಡಿ. ಮೊದಲು ಹಿಮ್ಮಡಿ ಒತ್ತಿ, ಆಮೇಲೆ ಪಾದ ಪೂರ್ತಿ ಊರಿ" ಎಂದ. ಹಿಮ್ಮಡಿ ಒತ್ತಿದರೆ ಕಾಲು ಹೂತಿತು. ಪಾದ ಅಗಲಿಸಿ ಇಟ್ಟರೆ ಮೇಲೆಯೇ ನಿಂತಿತು. ಟಯರಿನ ಕಥೆಯೂ ಇಷ್ಟೇ. ರಸ್ತೆಯಲ್ಲಿ ೨೫ರಿಂದ ೩೦ ಪೌಂಡು ಗಾಳಿ ಇರುವ ಟಯರನ್ನು ಮರಳಿಗೆ ಇಳಿಸುವಾಗ ೧೨ರಿಂದ ೧೫ಕ್ಕೆ ತರುತ್ತಾರೆ. ಆಗ ಅದು ನೆಲಕ್ಕೆ ಅಗಲವಾಗಿ ಹರಡಿಕೊಳ್ಳುತ್ತದೆ. ತೀರಾ ಇಳಿಸಿದರೆ ಒಳಗಿನ ಟ್ಯೂಬು ಕಲ್ಲಿಗೆ ಸಿಕ್ಕಿ ಹರಿಯುತ್ತದೆ, ಇಲ್ಲವೇ ಟಯರು ರಿಮ್ಮಿನ ಮೇಲೆ ಜಾರಿ ಗಾಳಿಯ ಬಾಯಿಯೇ ಕಿತ್ತುಹೋಗುತ್ತದೆ; ಹಾಗಾಗದಂತೆ ರಿಮ್ಮಿಗೆ ಒಂದು ಹಿಡಿತ ಹಾಕಿಸಬೇಕು. ರಸ್ತೆಗೆ ಹತ್ತುವ ಮೊದಲು ಮತ್ತೆ ಗಾಳಿ ತುಂಬಲೇಬೇಕು, ಮರೆಯುವಂತಿಲ್ಲ.

ಹಲ್ಲಿನ ವಿಷಯವೂ ಹೇಳಿದ. ಬರೀ ಆಳದ ಒಣ ಮರಳಿಗೆ ಹಿಂದಿನ ಗಾಲಿಗೆ ಹುಟ್ಟಿನಂತೆ ಪಟ್ಟಿಪಟ್ಟಿಯಾದ ಟಯರು ಇದೆ. ಅದು ದೋಣಿಯ ಹುಟ್ಟು ನೀರು ತಳ್ಳಿದಂತೆ ಮರಳು ತಳ್ಳುತ್ತದೆ. ಆದರೆ ಕಡಲ ತೀರವೆಂದರೆ ಬರೀ ಒಣ ಮರಳಲ್ಲ. ಅಲೆ ಬಂದು ಹೋದ ಕಡೆ ನೆಲ ಗಟ್ಟಿ, ಮೇಲೆ ಹೋದಂತೆ ಮೆತ್ತಗೆ. ಎರಡಕ್ಕೂ ಆಗುವುದು ಬಿಡಿಬಿಡಿಯಾಗಿ ದಪ್ಪ ಗಂಟುಗಳಿರುವ ಟಯರು. ಅದು ನಮ್ಮ ಕೆಸರಿಗೂ ಆಗುತ್ತದೆ. ಗಂಟುಗಳ ನಡುವೆ ಜಾಗವಿರುವುದರಿಂದ ಮಣ್ಣು ಮೆತ್ತಿಕೊಳ್ಳದೆ ಉದುರುತ್ತದೆ. ಒಂದೇ ಕೊರತೆ, ಟಾರು ರಸ್ತೆಯಲ್ಲಿ ಅದರ ಹಿಡಿತ ಕಡಿಮೆ, ಬೇಗ ಸವೆಯುತ್ತದೆ. ಮಳೆಯಲ್ಲಂತೂ ತಿರುವುಗಳಲ್ಲಿ ನಿಧಾನವೇ ಪ್ರಧಾನ.

ಫ್ರಾನ್ಸಿನ ಉತ್ತರ ಕರಾವಳಿಯ ಲೆ ತುಕೆ ಎಂಬ ಊರಿನಲ್ಲಿ ೧೯೭೫ರಲ್ಲೇ ತಿಯೆರಿ ಸಬೀನ್ ಎಂಬಾತ ಇಂಥ ಮರಳಿನ ಓಟ ಆರಂಭಿಸಿದನಂತೆ. ೧೯೭೮ರ ಡಿಸೆಂಬರಿನಲ್ಲಿ ಮೊದಲ ಪ್ಯಾರಿಸ್-ಡಕಾರ್ ಓಟ ಹೊರಡಿಸಿದವನೂ ಅವನೇ. "ಅಲ್ಲೂ ಗೆಲ್ಲೋರಿಗಿಂತ ಹೂತು ನಿಲ್ಲೋರೇ ಜಾಸ್ತಿ ಕಣೇ" ಎಂದು ಅಣ್ಣ ಮಗಳಿಗೆ ಹೇಳಿದ. ನನಗೆ ಸ್ವಲ್ಪ ಸಮಾಧಾನವಾಯಿತು. ಹೂತು ನಿಂತರೆ ಕೈಕಾಲು ಮುರಿಯುವುದಿಲ್ಲವಲ್ಲ!

ನರಸಿಂಹರಾಜಪುರ: ರಬ್ಬರಿನ ಪಾಠ

ಹೊಸ ಬೈಕಿಗೆ ನಮ್ಮ ದುಡ್ಡು ಸಾಲದು. ಅದೇ ಮಾದರಿಯದು ಒಂದು ನರಸಿಂಹರಾಜಪುರದ ಹತ್ತಿರ ಮಾರಾಟಕ್ಕಿದೆ ಎಂದು ತಿಳಿಯಿತು. ಹೊರಡುವ ಬೆಳಿಗ್ಗೆ ನೋಡಿದರೆ ನಮ್ಮವರೂ ಚಪ್ಪಲಿ ಮೆಟ್ಟಿ ನಿಂತಿದ್ದರು. "ಮೋಸ ಹೋಗ್ತೀರಿ, ಅದಕ್ಕೆ ಬರ್ತೀನಿ" ಎಂದರಷ್ಟೇ.

ಎಡೇಹಳ್ಳಿ ಎಂಬುದು ಈ ಊರಿನ ಹಳೆಯ ಹೆಸರು. ಮೈಸೂರಿನ ಯುವರಾಜ ಕಂಠೀರವ ನರಸಿಂಹರಾಜ ಒಡೆಯರ ಹೆಸರನ್ನು ಆಮೇಲೆ ಇಟ್ಟರು. ಭದ್ರಾ ಜಲಾಶಯದ ಹಿನ್ನೀರು ಊರಿನ ಹತ್ತಿರಕ್ಕೇ ಬರುತ್ತದೆ. ಬೇಸಿಗೆಯಾದ್ದರಿಂದ ನೀರು ಇಳಿದು ದಡ ಅಗಲವಾಗಿ ಬಿದ್ದಿತ್ತು. ನಮ್ಮ ಕಡೆ ಅಡಿಕೆ, ಕಾಫಿಯೇ ಹೆಚ್ಚು, ಇಲ್ಲಿ ರಬ್ಬರ್ ತೋಟಗಳೂ ಬೇಕಾದಷ್ಟು. ಮಾರುವವರದ್ದೂ ರಬ್ಬರ್ ತೋಟವೇ. ಮರದ ತೊಗಟೆಯನ್ನು ಓರೆಯಾಗಿ ಕೆತ್ತಿ, ಹಾಲು ತೊಟ್ಟಿಕ್ಕಲು ಚಿಪ್ಪು ಕಟ್ಟಿದ್ದರು. ಹಾಲಿಗೆ ಆಸಿಡ್ ಹಾಕಿ ಹೆಪ್ಪುಗಟ್ಟಿಸಿ, ಒತ್ತಿ ಹಾಳೆ ಮಾಡಿ ಒಣಹಾಕುತ್ತಾರೆ. ಟಯರಿನ ಹುಟ್ಟೂರನ್ನೇ ನೋಡಿದಂತಾಯಿತು!

ಬೈಕು ಚೆನ್ನಾಗಿತ್ತು. "ಟಯರು ಮೊನ್ನೆ ಹಾಕ್ಸಿದ್ದು, ನೋಡಿ ಗಂಟು ಹೇಗಿದೆ" ಎಂದರು ಮಾಲೀಕರು. ಮಗಳು ಖುಷಿಯಿಂದ ತಲೆಯಾಡಿಸಿದಳು. ನನಗೆ ಅಂಗಡಿಯಲ್ಲಿ ಯಾವ ಪೊಟ್ಟಣ ಸಿಕ್ಕರೂ ತಿರುಗಿಸಿ ತಾರೀಖು ನೋಡುವ ಚಾಳಿ. ಶೃಂಗೇರಿಯ ಅಣ್ಣ ಹೇಳಿದ್ದು ನೆನಪಾಗಿ ಕುಕ್ಕರುಗಾಲಲ್ಲಿ ಕೂತು ಟಯರಿನ ಪಕ್ಕೆಯ ಮೇಲೆ ಹುಡುಕಿದೆ. ನಾಲ್ಕು ಅಂಕಿ ಸಿಕ್ಕವು: ೨೩೧೬. ಮೊದಲೆರಡು ವಾರ, ಕೊನೆಯೆರಡು ವರ್ಷ. ೨೦೧೬ನೇ ಇಸವಿಯ ೨೩ನೇ ವಾರದಲ್ಲಿ ತಯಾರಾದ ಟಯರು! ಯಾವುದೋ ಅಂಗಡಿಯ ಮೂಲೆಯಲ್ಲಿ ವರ್ಷಗಟ್ಟಲೆ ಕೂತು ಮೊನ್ನೆ ಗಾಲಿಗೆ ಬಂದಿತ್ತು. ಗಂಟುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕು; ಉಗುರು ಒತ್ತಿದರೆ ಇಳಿಯದಷ್ಟು ಗಟ್ಟಿ. ಡಬ್ಬಿಯಲ್ಲಿಟ್ಟ ಹಳೇ ರಬ್ಬರ್ ಬ್ಯಾಂಡು ಎಳೆದರೆ ಪಟ್ಟನೆ ತುಂಡಾಗುವುದನ್ನು ನೀವೂ ನೋಡಿದ್ದೀರಿ ತಾನೇ? ನೋಡಲು ಹೊಸದು, ಒಳಗೆ ಮುದಿ. ಪಾಪ, ಮಾಲೀಕರಿಗೂ ಗೊತ್ತಿರಲಿಲ್ಲ. ಎರಡು ಹೊಸ ಟಯರಿನ ಬೆಲೆ ಇಳಿಸಿ ಬೈಕು ಕೊಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ನಮ್ಮವರು ಬಹಳ ಹೊತ್ತು ಕಿಟಕಿಯ ಕಡೆ ನೋಡುತ್ತಿದ್ದವರು ಮೆಲ್ಲಗೆ ಹೇಳಿದರು: "ಅವತ್ತು ನಾನು ಬಿದ್ದದ್ದು ಜೋರಾಗಿ ಓಡಿಸಿ ಅಲ್ಲ. ಹಿಂದಿನ ಟಯರು ಬೋಳಾಗಿತ್ತು. ಬದಲಿಸಕ್ಕೆ ಅಂತ ಎತ್ತಿಟ್ಟಿದ್ದ ದುಡ್ಡನ್ನ ನಿನ್ನ ಹೆರಿಗೆ ಖರ್ಚಿಗೆ ಇಟ್ಟೆ. ಮಳೆ ಬಂತು, ತಿರುವಲ್ಲಿ ಜಾರಿತು."

ಇಷ್ಟು ವರ್ಷ ನನಗೆ ಹೇಳಿರಲಿಲ್ಲ. ನಾನು ಏನು ಹೇಳಲಿ? ಅವರ ಕೈ ಹಿಡಿದುಕೊಂಡೆ, ಅಷ್ಟೇ.

ಮರುದಿನ ಕೊಪ್ಪಕ್ಕೆ ಹೋಗಿ ಹೊಸ ಟಯರಿನ ಅಂಕಿ ಓದಿ ತಂದವರು ಅವರೇ. ಹೆಲ್ಮೆಟ್ಟು, ಮೊಣಕಾಲಿನ ಕವಚ, ಗಟ್ಟಿ ಬೂಟಿಗೆ ಮೊದಲು ದುಡ್ಡು, ಉಳಿದದ್ದಕ್ಕೆ ಆಮೇಲೆ ಎಂದವರೂ ಅವರೇ.

ಮೇ ತಿಂಗಳ ಓಟಕ್ಕೆ ನಾವಿಬ್ಬರೂ ಘಟ್ಟ ಇಳಿದು ಹೋದೆವು. ಮಗಳು ಎರಡು ಸಲ ಬಿದ್ದಳು. ಮೊದಲ ಸಲ ಬಿದ್ದಾಗ ನಮ್ಮವರು ಎದ್ದು ನಿಂತರು. ಅವಳು ಬೈಕಿಗೆ ಬೆನ್ನು ಕೊಟ್ಟು ಕುಕ್ಕರುಗಾಲಲ್ಲಿ ಕೂತು ಎತ್ತಿದ್ದನ್ನು ನೋಡಿ ಕೂತರು. ಬಹುಮಾನ ಬರಲಿಲ್ಲ, ಓಟ ಮುಗಿಸಿದಳು. ಸಂಜೆಯೇ ಬಾವಿಯ ಸಿಹಿನೀರಿನಲ್ಲಿ ಬೈಕು ತೊಳೆದು, ಚೈನಿಗೆ ಎಣ್ಣೆ ಬಿಟ್ಟೆವು. ಉಪ್ಪು ನಿಂತರೆ ಕಡ್ಡಿ, ಚೈನು ತುಕ್ಕು ಹಿಡಿಯುತ್ತವೆ.

ಈಗ ಹೊರಗೆ ಮಳೆ ಹೊಡೆಯುತ್ತಿದೆ. ಆ ಬೈಕು ನಮ್ಮ ಜಗುಲಿಯ ಪಕ್ಕ ನಿಂತಿದೆ. ರಜೆಗೆ ಬಂದ ಮಗಳು ಅಪ್ಪನನ್ನು ಹಿಂದೆ ಕೂರಿಸಿಕೊಂಡು ನಮ್ಮ ಕೆಸರಿನ ದಿಬ್ಬ ಹತ್ತಿಸುತ್ತಾಳೆ.

ನಿಮ್ಮ ಮನೆಯಲ್ಲಿ ಓಟಕ್ಕೆ ಹೋಗುವವರು ಇರಲಿಕ್ಕಿಲ್ಲ. ಆದರೆ ಸ್ಕೂಟರೋ ಬೈಕೋ ಇದ್ದೇ ಇರುತ್ತದೆ. ಇವತ್ತು ಸಂಜೆ ನಿಮ್ಮವರು ಮನೆಗೆ ಬಂದಾಗ ಕಾಫಿ ಕೊಟ್ಟು, ಒಂದು ಟಾರ್ಚು ಹಿಡಿದು ಆ ಟಯರಿನ ನಾಲ್ಕು ಅಂಕಿ ಓದಿ. ಮೇಲ್ಮೈ ಬೋಳಾಗಿದೆಯೇ, ಬಿರುಕು ಬಿಟ್ಟಿದೆಯೇ ಎಂದು ಕೈಯಾಡಿಸಿ ನೋಡಿ. ಬದಲಿಸಲು ದುಡ್ಡಿಲ್ಲ ಎಂದರೆ, ಸಾಸಿವೆ ಡಬ್ಬಿಯಲ್ಲಿ ನೀವು ಬಚ್ಚಿಟ್ಟದ್ದಕ್ಕೆ ಇದಕ್ಕಿಂತ ಒಳ್ಳೆಯ ಖರ್ಚಿಲ್ಲ.