ಒರಗಿ ಕುಳಿತು ಪೇಟೆಗೆ

ನಮ್ಮ ಕಾಸರಗೋಡಿನ ಕಡೆ ಒಂದು ಕಾಲದಲ್ಲಿ ಸೈಕಲ್ ಎಂದರೆ ಮೀನು ಮಾರುವವರ, ಅಂಚೆಯಣ್ಣನ ವಾಹನ. ಈಗ ಅದು ಹೆಚ್ಚಾಗಿ ಮಕ್ಕಳ ಆಟಕ್ಕೆ. ಗುಡ್ಡ ಇಳಿದು ಬಯಲು ಸೇರುವ ನಮ್ಮ ದಾರಿಗಳಲ್ಲಿ ಸೈಕಲನ್ನು ತುಳಿಯುವುದಕ್ಕಿಂತ ತಳ್ಳುವುದೇ ಹೆಚ್ಚು. ಮನೆಯ ಸಾಮಾನು ತರಲು ಸೈಕಲೊಂದಿದ್ದರೆ ಸಾಕು ಎನ್ನುವ ಊರನ್ನು ನಾನು ಕಂಡದ್ದು ಜರ್ಮನಿಯಲ್ಲಿ. 2017ರಿಂದ 2020ರ ಆರಂಭದವರೆಗೆ ನಾನು ಮ್ಯೂನ್ಸ್ಟರ್ ನಗರದ ಒಂದು ಧರ್ಮಕೇಂದ್ರದಲ್ಲಿ ಸೇವೆಗಿದ್ದೆ.

ಸುಮಾರು 3 ಲಕ್ಷ ಜನರಿರುವ ಆ ನಗರದಲ್ಲಿ ಜನರಿಗಿಂತ ಸೈಕಲ್‌ಗಳೇ ಹೆಚ್ಚು. ಸೈಕಲಿಗೆ ಅಲ್ಲಿಯವರದೇ ಒಂದು ಆಡುಮಾತಿದೆ, ‘ಲೇಟ್ಸೆ’ ಎಂದು. 1999ರಲ್ಲಿ ರೈಲು ನಿಲ್ದಾಣದ ಎದುರು ಮೂರು ಸಾವಿರಕ್ಕೂ ಹೆಚ್ಚು ಸೈಕಲ್ ನಿಲ್ಲಿಸುವ ನೆಲಮಾಳಿಗೆಯನ್ನೇ ಕಟ್ಟಿದರು. ಹಳೆಯ ಕೋಟೆಗೋಡೆ ಇದ್ದ ಜಾಗದಲ್ಲಿ ನಗರದ ಸುತ್ತ ನಾಲ್ಕೂವರೆ ಕಿಲೋಮೀಟರ್ ಉದ್ದದ ಸಾಲುಮರದ ದಾರಿಯಿದೆ. ಹೆಸರು ಪ್ರೊಮೆನಾಡೆ. ಅಲ್ಲಿ ಕಾರಿಗೆ ಪ್ರವೇಶವಿಲ್ಲ. ನೆಲವೂ ಸಮತಟ್ಟು. ಎಂಬತ್ತು ದಾಟಿದ ಅಜ್ಜಿಯಂದಿರೂ ಬುಟ್ಟಿ ಕಟ್ಟಿಕೊಂಡು ತುಳಿಯುತ್ತಾರೆ.

ಆ ಊರಿನಲ್ಲಿಯೇ ನಾನು ‘ಲೀಗೆರಾಡ್’ ಎಂಬ ವಿಚಿತ್ರ ಸೈಕಲನ್ನು ನೋಡಿದ್ದು. ಆ ಪದದ ಅರ್ಥ ಮಲಗುವ ಸೈಕಲ್. ಆದರೆ ಅದರಲ್ಲಿ ಮಲಗುವುದಿಲ್ಲ, ನಮ್ಮ ಜಗಲಿಯ ಆರಾಮಕುರ್ಚಿಯಲ್ಲಿ ಕುಳಿತಂತೆ ಒರಗಿ ಕುಳಿತುಕೊಳ್ಳುವುದು. ಪೆಡಲುಗಳು ಮುಂದೆ ಇರುತ್ತವೆ. ಬೆನ್ನಿಗೂ ಸೊಂಟಕ್ಕೂ ಪೂರ್ತಿ ಆಧಾರ ಸಿಗುತ್ತದೆ, ಅಂಗೈಗಳ ಮೇಲೆ ಭಾರ ಬೀಳುವುದಿಲ್ಲ. ಸರಪಳಿ ಮಾತ್ರ ಸಾಮಾನ್ಯ ಸೈಕಲಿನದಕ್ಕಿಂತ ಬಹಳ ಉದ್ದ.

ಇದು ಇತ್ತೀಚಿನ ಶೋಕಿಯಲ್ಲ. ಫ್ರಾನ್ಸಿನ ಶಾರ್ಲ್ ಮೋಶೆ ಎಂಬವರು ತಯಾರಿಸಿದ ಇಂತಹ ಸೈಕಲಿನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ 1933ರಲ್ಲಿ ಒಂದು ಗಂಟೆಯಲ್ಲಿ 45 ಕಿಲೋಮೀಟರಿಗೂ ಹೆಚ್ಚು ದೂರ ತುಳಿದು, 1914ರಿಂದ ಉಳಿದಿದ್ದ ದಾಖಲೆಯನ್ನು ಮುರಿದರು. ಫೋರ್ ಮೊದಲ ದರ್ಜೆಯ ಸವಾರರೇನೂ ಆಗಿರಲಿಲ್ಲ. ಒರಗಿ ಕುಳಿತವನಿಗೆ ಗಾಳಿಯ ತಡೆ ಕಡಿಮೆ, ಗೆಲುವಿನ ಗುಟ್ಟು ಅಲ್ಲಿತ್ತು. ಮರುವರ್ಷ ಅಂತಾರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟವು ಸ್ಪರ್ಧೆಯ ಸೈಕಲ್ ಹೀಗೆಯೇ ಇರಬೇಕೆಂದು ನಿಯಮ ಮಾಡಿ ಇದನ್ನು ಹೊರಗಿಟ್ಟಿತು. ಓಟದಿಂದ ಹೊರಬಿದ್ದ ಈ ಸೈಕಲ್ ಬೆನ್ನುನೋವಿನವರಿಗೆ, ವಯಸ್ಸಾದವರಿಗೆ, ಅಂಗಬಲ ಕುಂದಿದವರಿಗೆ ಒದಗಿಬಂತು.

ನಮ್ಮ ಧರ್ಮಕೇಂದ್ರದ ಒಬ್ಬ ಅಜ್ಜ ಅಂಥವರಲ್ಲಿ ಒಬ್ಬರು. ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿದ್ದು ನಿವೃತ್ತರಾದವರು. ವಯಸ್ಸು 78, ಪತ್ನಿ ತೀರಿಕೊಂಡಿದ್ದರು. ಬೆನ್ನುನೋವಿನ ಕಾರಣ ಎರಡು ಗಾಲಿಯ ಲೀಗೆರಾಡಿನಲ್ಲೇ ಎಷ್ಟೋ ವರ್ಷ ಓಡಾಡಿದ್ದರು. ಪ್ರತಿ ಶನಿವಾರ ಅದರಲ್ಲೇ ಸಂತೆಗೆ ಹೋಗುತ್ತಿದ್ದರು. 2017ರ ಶರತ್ಕಾಲದಲ್ಲಿ ಪಾರ್ಶ್ವವಾಯು ಬಡಿಯಿತು. ಮಾತು ಉಳಿಯಿತು, ಎಡಗೈ ಎಡಗಾಲು ಸೋತವು, ಸಮತೋಲನ ಹೋಯಿತು. ಮೊದಲ ಶುಕ್ರವಾರಗಳಲ್ಲಿ ಪರಮಪ್ರಸಾದ ಕೊಂಡೊಯ್ದಾಗಲೆಲ್ಲ ಅವರು ಕಿಟಕಿಯ ಬಳಿ ಕುಳಿತಿರುತ್ತಿದ್ದರು. ನೆರೆಯವರು ಸಾಮಾನು ತಂದುಕೊಡುತ್ತಿದ್ದರು. “ಹೆರ್ ಪಾಸ್ಟರ್, ಎಲ್ಲರೂ ಒಳ್ಳೆಯವರೇ. ಆದರೆ ನನ್ನ ಬಟಾಟೆಯನ್ನು ನಾನು ಆರಿಸಿ ಎಂಟು ತಿಂಗಳಾಯಿತು” ಎಂದರು ಒಮ್ಮೆ.

ದೂರದ ಊರಿನಲ್ಲಿದ್ದ ಮಗ ವೃದ್ಧಾಶ್ರಮದಲ್ಲಿ ಒಂದು ಕೋಣೆ ನೋಡಿಟ್ಟಿದ್ದರು. ಅಪ್ಪನ ಮೇಲೆ ಪ್ರೀತಿ ಇಲ್ಲದೆ ಅಲ್ಲ, ಒಬ್ಬರೇ ಬಿದ್ದರೆ ನೋಡುವವರಾರು ಎಂಬ ಭಯ. ಅಜ್ಜ ಕೇಳಿದ್ದು ಒಂದೇ ಅವಕಾಶ. ಹಳೆಯದೊಂದು ಮೂರು ಗಾಲಿಯ ಲೀಗೆರಾಡ್ ಕೊಂಡರು. ಮುಂದೆ ಎರಡು ಗಾಲಿ, ಹಿಂದೆ ಒಂದು. ಎಷ್ಟು ನಿಧಾನ ಹೋದರೂ ವಾಲುವುದಿಲ್ಲ. ಬ್ರೇಕುಗಳನ್ನೂ ಗೇರನ್ನೂ ಬಲಗೈಯೊಂದಕ್ಕೇ ಜೋಡಿಸಿದರು. ಎಡಪಾದ ಜಾರಿ ಗಾಲಿಯಡಿ ಸಿಗದಂತೆ ಪೆಡಲಿಗೆ ಹಿಮ್ಮಡಿಯ ಆಸರೆಯೂ ಪಟ್ಟಿಯೂ ಬಂದವು. ವೈದ್ಯರು ಒಪ್ಪಿದರು. ತಾವೇ ಸಂತೆಗೆ ಹೋಗಿ ಬರಲು ಸಾಧ್ಯವಾದರೆ ಮನೆಯಲ್ಲೇ ಇರುವುದು, ಇಲ್ಲವಾದರೆ ಆಶ್ರಮ. ತಂದೆ ಮಗ ಹೀಗೆ ಮಾತು ಮಾಡಿಕೊಂಡರು. ಜೊತೆಗೆ ಬರಲು ನನ್ನನ್ನು ಕರೆದರು. ಅವರ ಹಳೆಯ ಎರಡು ಗಾಲಿಯದ್ದು ನನ್ನ ಪಾಲಿಗೆ. ಎರಡು ವಾರ ದೇವಾಲಯದ ಅಂಗಳದಲ್ಲಿ ಕಲಿತೆ. ಕಾಲನ್ನು ನೋಡದೆ ದೂರಕ್ಕೆ ದೃಷ್ಟಿ ಇಟ್ಟರೆ ಸೈಕಲ್ ತಾನಾಗಿ ನೆಟ್ಟಗಾಗುತ್ತದೆ ಎಂದು ಅಜ್ಜ ಕುರ್ಚಿಯಲ್ಲಿ ಕುಳಿತೇ ಹೇಳಿಕೊಟ್ಟರು.

ನಾವು ಹೊರಟದ್ದು 2018ರ ಜೂನ್ 23, ಶನಿವಾರ. ಮರುದಿನ ಸ್ನಾನಿಕ ಯೊವಾನ್ನರ ಜನನದ ಹಬ್ಬ. ಜರ್ಮನಿಯಲ್ಲಿ ಬಿಳಿ ಆಸ್ಪರಾಗಸ್ ಕೊಯ್ಲು ಆ ಹಬ್ಬದ ದಿನಕ್ಕೆ ಮುಗಿಯುವುದು ವಾಡಿಕೆ. ನಮ್ಮ ಶತಾವರಿಯ ಕುಲದ ಗಿಡ ಅದು. ಬಿಸಿಲು ತಾಗದಂತೆ ಮಣ್ಣು ಏರಿಸಿ ಬೆಳೆಯುವುದರಿಂದ ಚಿಗುರು ಬೆಳ್ಳಗಿರುತ್ತದೆ. ಆ ವರ್ಷದ ಕೊನೆಯ ಶನಿವಾರದ ಆಸ್ಪರಾಗಸ್ ತಪ್ಪಬಾರದೆಂದು ಅಜ್ಜನ ಹಟ.

ಸಂತೆಗೆ ಮೂರು ಕಿಲೋಮೀಟರ್. ಅಜ್ಜ ಮುಂದೆ, ನಾನು ಹಿಂದೆ. ತಗ್ಗಿನಲ್ಲಿ ಕುಳಿತವರು ಕಾರಿನವರಿಗೆ ಕಾಣಬೇಕೆಂದು ಅವರ ಸೈಕಲಿಗೆ ಉದ್ದ ಕೋಲಿನ ಮೇಲೆ ಕಿತ್ತಳೆ ಬಾವುಟ. ಹಿಂದೆ ಎರಡು ಚೀಲ, ಒಂದರಲ್ಲಿ ಖಾಲಿ ಬಾಟಲಿಗಳು. ಅಂಗಡಿಗೆ ಹಿಂದಿರುಗಿಸಿದರೆ ಒಂದು ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ವಾಪಸು. ಆಜೇ ಕೆರೆಯ ದಂಡೆಯಲ್ಲಿ 1977ರಿಂದ ಇರುವ ಮೂರು ಭಾರೀ ಕಾಂಕ್ರೀಟ್ ಚೆಂಡುಗಳನ್ನು ದಾಟಿ ಪ್ರೊಮೆನಾಡೆ ಹಿಡಿದೆವು. ಲಿಂಡೆನ್ ಮರಗಳ ನೆರಳು. ಒರಗಿ ಕುಳಿತರೆ ಮರದ ತುದಿ ಮತ್ತು ಆಕಾಶ ಕಾಣುತ್ತದೆ.

ಪ್ರಧಾನಾಲಯದ ಎದುರಿನ ಚೌಕದಲ್ಲಿ ಬುಧವಾರ ಮತ್ತು ಶನಿವಾರ ಸಂತೆ. ಕಲ್ಲು ಹಾಸಿದ ನೆಲ, ಮೂರೂ ಗಾಲಿಗಳು ಗಡಗಡ ನಡುಗಿದವು. ನಿಜವಾದ ಪರೀಕ್ಷೆ ಇದ್ದದ್ದು ಆಸನದಿಂದ ಎದ್ದು ನಿಲ್ಲುವುದರಲ್ಲಿ. ಮೂರು ಗಾಲಿಯ ಲೀಗೆರಾಡುಗಳ ದೊಡ್ಡ ತೊಡಕು ಆಸನ ತಗ್ಗಾಗಿರುವುದೇ. ಕೈ ಚಾಚಲು ಹೋದ ನನ್ನನ್ನು ಅವರು ಕಣ್ಣಿನಲ್ಲೇ ತಡೆದರು. ಬ್ರೇಕ್ ಬಿಗಿದು, ಬಲಗೈಯಿಂದ ಆಸನದ ಪಕ್ಕದ ಹಿಡಿಕೆಯನ್ನು ಒತ್ತಿ ಏಳಲು ನೋಡಿದರು. ಆಗಲಿಲ್ಲ. ಇನ್ನೊಮ್ಮೆ. ಮೂರನೆಯ ಸಲಕ್ಕೆ ಎದ್ದು ಊರುಗೋಲು ಹಿಡಿದು ನಿಂತರು. ನಾನು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ನಡೆದೆ.

ಆಸ್ಪರಾಗಸ್ ಮಾರುವ ಹೆಂಗಸು ಅವರನ್ನು ಕಂಡವಳೇ ತಕ್ಕಡಿ ಬಿಟ್ಟು ಬಂದಳು. “ನೀವು ಹೋಗಿಯೇಬಿಟ್ಟಿರಿ ಎಂದುಕೊಂಡಿದ್ದೆ” ಎಂದಳು. ಅಜ್ಜ ನಕ್ಕು, “ಇನ್ನೂ ಇಲ್ಲ, ಒಂದು ಕಿಲೋ ಕೊಡು” ಎಂದರು. ಬಟಾಟೆಯನ್ನು ಒಂದೊಂದಾಗಿ ಆರಿಸಿದರು. ಒಂದು ಕೈಯಲ್ಲಿ ಪರ್ಸು ಬಿಚ್ಚಿ ನಾಣ್ಯ ಎಣಿಸುವಾಗ ಹಿಂದೆ ಸಾಲು ಬೆಳೆಯಿತು. ಯಾರೂ ಗೊಣಗಲಿಲ್ಲ. ಅಂದು ಸಂಜೆ ವಿಶ್ವಕಪ್ಪಿನಲ್ಲಿ ಜರ್ಮನಿಗೂ ಸ್ವೀಡನ್ನಿಗೂ ಪಂದ್ಯ, ಎಲ್ಲ ಅಂಗಡಿಗಳಲ್ಲೂ ಅದೇ ಮಾತು. ಮೊಟ್ಟೆ, ರೈ ರೊಟ್ಟಿ, ಚೀಸ್ ಕೊಂಡು ಮುಗಿಯಲು ಒಂದೂವರೆ ಗಂಟೆ ಬೇಕಾಯಿತು. ನೆರೆಯವರು ಹತ್ತು ನಿಮಿಷದಲ್ಲಿ ತಂದುಕೊಡುತ್ತಿದ್ದ ಸಾಮಾನು ಅದು. ಆದರೆ ಆ ಒಂದೂವರೆ ಗಂಟೆಯಲ್ಲಿ ಏಳು ಜನ ಅವರನ್ನು ಹೆಸರು ಹಿಡಿದು ಮಾತನಾಡಿಸಿದ್ದರು. ಮನೆಗೆ ಮರಳಿದಾಗ ಒಂದು ಮೊಟ್ಟೆಯೂ ಒಡೆದಿರಲಿಲ್ಲ. ಮಗನಿಗೆ ಫೋನ್ ಮಾಡಿ ಮೊದಲು ಹೇಳಿದ್ದು ಅದನ್ನೇ. ನಾನು ಊರಿಗೆ ಹೊರಡುವ ತನಕವೂ ಅವರು ತಮ್ಮ ಮನೆಯಲ್ಲೇ ಇದ್ದರು, ಮಳೆ ಹಿಮ ಇಲ್ಲದ ಶನಿವಾರಗಳಲ್ಲಿ ಒಬ್ಬರೇ ಸಂತೆಗೆ ಹೋಗಿಬರುತ್ತಿದ್ದರು.

ಆ ಸೈಕಲನ್ನು ಇಲ್ಲಿಗೆ ತಂದರೆ ಉಪಯೋಗವಿಲ್ಲ. ಅದರ ಬೆಲೆ ನಮಗೆ ಎಟುಕದು, ನಮ್ಮ ಏರುಗಳು ಅದಕ್ಕೆ ಒಗ್ಗವು. ಆದರೆ ಆ ಅಜ್ಜನಂಥವರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಮಕ್ಕಳು ಕೊಲ್ಲಿ ದೇಶಗಳಲ್ಲಿ, ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ. ಮನೆಯಲ್ಲಿ ಅಪ್ಪ ಅಮ್ಮ ಮಾತ್ರ. ಹೆದ್ದಾರಿ ಆರು ಪಥವಾಗಿ ಅಗಲವಾದ ಮೇಲೆ ಆಚೆ ಬದಿಯ ಅಂಗಡಿಯೇ ಅವರಿಗೆ ದೂರದ ಊರಾಗಿದೆ. “ನೀವು ಹೋಗುವುದು ಬೇಡ ಅಪ್ಪಾ, ನಾವು ತರಿಸಿಕೊಡುತ್ತೇವೆ” ಎನ್ನುತ್ತೇವೆ. ಸಾಮಾನೇನೋ ಬರುತ್ತದೆ, ಅಂಗಡಿಯ ಜಗಲಿಯಲ್ಲಿ ಆಡುತ್ತಿದ್ದ ನಾಲ್ಕು ಮಾತು ಬರುವುದಿಲ್ಲ.

ನಮ್ಮಲ್ಲೂ ದಾರಿಗಳಿವೆ. ಅಂಗವಿಕಲರಿಗೆ ಪಂಚಾಯತುಗಳು ಕೊಟ್ಟ, ಬದಿಗೆ ಗಾಲಿ ಜೋಡಿಸಿದ ಸ್ಕೂಟರುಗಳನ್ನು ನೋಡಿದ್ದೇವೆ. ಅಷ್ಟೂ ಬೇಕಿಲ್ಲ. ಪರಿಚಯದ ಒಂದು ಆಟೋ, ಜೊತೆಗೆ ಮೊಮ್ಮಗನೋ ನೆರೆಯ ಹುಡುಗಿಯೋ ಇದ್ದರೆ ವಾರಕ್ಕೊಮ್ಮೆ ಪೇಟೆಗೆ ಹೋಗಿಬರಬಹುದು. ಬಸಳೆಯ ಕಟ್ಟನ್ನು ಅವರೇ ಆರಿಸಲಿ, ಹಣವನ್ನು ಅವರೇ ಎಣಿಸಿ ಕೊಡಲಿ, ತಡವಾದರೆ ಆಗಲಿ. ಜೊತೆಗೆ ಹೋದವರು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕಾಯಲು ಕಲಿಯಬೇಕು. ಈ ವಾರ ನಿಮ್ಮ ಮನೆಯ ಹಿರಿಯರೊಬ್ಬರನ್ನು ಕೇಳಿ ನೋಡಿ: ಪೇಟೆಯಿಂದ ಏನು ತರಬೇಕು ಎಂದಲ್ಲ, ಪೇಟೆಗೆ ಬರುತ್ತೀರಾ ಎಂದು.