ಬಾಟಲಿಯ ಮೇಲಿನ ಅಕ್ಷರ

2024ರ ನವೆಂಬರದಲ್ಲಿ ನಮ್ಮಕ್ಕ ಚೊಚ್ಚಲ ಹೆರಿಗೆಗೆಂದು ಹೊಸರಿತ್ತಿಗೆ ಬಂದಿದ್ದಳು. ಅದೇ ತಿಂಗಳು ಬಳ್ಳಾರಿಯ ಸರಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಿಂದ ಹೆತ್ತ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಸಂಶಯ ಹೋದುದು ರಿಂಗರ್ ಲ್ಯಾಕ್ಟೇಟ್ ಎಂಬ ಸಲಾಯಿನ್ ಮೇಲೆ. ದಣಿದಾಗಲೆಲ್ಲ 'ಒಂದು ಸಲಾಯಿನ್ ಹಚ್ಚಿಸ್ರಿ, ಶಕ್ತಿ ಬರತೈತಿ' ಎನ್ನುವ ಊರು ನಮ್ಮದು. ಅವ್ವನಿಗೆ ಅಂದಿನಿಂದ ನಿದ್ದೆಯಿಲ್ಲ.

ನನ್ನನ್ನು ಕಾಡಿದ್ದು ಬೇರೊಂದು ಸಂಗತಿ. ಆ ದ್ರವದ ಕೆಲವು ಬ್ಯಾಚುಗಳು ಗುಣಮಟ್ಟದವಲ್ಲವೆಂದು ರಾಜ್ಯದ ಪ್ರಯೋಗಾಲಯ ಮೊದಲೇ ಹೇಳಿತ್ತಂತೆ. ಅವುಗಳಲ್ಲಿ ಕೆಲವನ್ನು ಕೇಂದ್ರದ ಪ್ರಯೋಗಾಲಯ ಸರಿಯೆಂದಿತು. 1940ರ ಔಷಧ ಕಾಯಿದೆಯಲ್ಲಿ ಕೇಂದ್ರದ ವರದಿಯೇ ಕೊನೆಯ ಮಾತು. ಸಾವುಗಳಾದ ಮೇಲೆ ರಾಜ್ಯ ಸರಕಾರ ಕೇಂದ್ರವನ್ನು ದೂರಿತು, ವಿರೋಧ ಪಕ್ಷ ರಾಜ್ಯವನ್ನು ದೂರಿತು. ರಾಜ್ಯದ ಔಷಧ ನಿಯಂತ್ರಕರು ಅಮಾನತಾದರು.

ವಾಚಕರೇ, ಬ್ಯಾಡಗಿಯ ಪೇಟೆಯಲ್ಲಿ ಕೊಳ್ಳುವವನು ಮೆಣಸಿನಕಾಯಿಯನ್ನು ಕೈಯಲ್ಲಿ ಹಿಡಿದು, ಬಣ್ಣ ನೋಡಿ, ಮುರಿದು, ಮೂಸಿ ಬೆಲೆ ಕಟ್ಟುತ್ತಾನೆ. ಸಲಾಯಿನ್ನನ್ನು ಹಾಗೆ ನೋಡಲು ಬರುವುದೇ? ನೋಡಬೇಕಾದವರು ನೋಡಿದ್ದಾರೆಂದು ನಂಬಿ ಕೈ ಚಾಚಬೇಕು, ಅಷ್ಟೆ.

ಆಸ್ಪತ್ರೆಯಲ್ಲಿ ಅಕ್ಕನಿಗೆ ಬಾಟಲಿ ತೂಗಹಾಕಿದರು. ಅವ್ವ ನನ್ನ ತೋಳು ಹಿಡಿದು, "ತಮ್ಮಾ, ನೀ ಕಾಲೇಜು ಕಲ್ತಾಂವ. ಇದು ಚಲೋ ಐತೇನು, ಓದಿ ಹೇಳು" ಎಂದಳು. ಬ್ಯಾಚ್ ನಂಬರು, ತಾರೀಖು, ಲಾಯಸೆನ್ಸ್ ನಂಬರು, ಎಲ್ಲವೂ ಇಂಗ್ಲಿಷಿನಲ್ಲಿದ್ದವು. ಎರಡು ಸಲ ಓದಿದೆ.

"ಚಲೋ ಐತವ್ವ" ಎಂದೆ.

ಅವ್ವ ಹನಿಗಳನ್ನೇ ನೋಡುತ್ತ ಕುಳಿತಳು. ಅಕ್ಕನೂ ಕೂಸೂ ಸುಖವಾಗಿ ಮನೆಗೆ ಬಂದರು. ನಾನು ಏನೂ ತಿಳಿಯದೆ ಹೇಳಿದೆನೆಂಬುದನ್ನು ಮಾತ್ರ ಅವ್ವನಿಗೆ ಇನ್ನೂ ತಿಳಿಸಿಲ್ಲ.