ಬೇಕಲ ಕೋಟೆಯಲ್ಲಿ ಒಂದು ದಿನ

ಕಾಸರಗೋಡು ಪೇಟೆಯಿಂದ ದಕ್ಷಿಣಕ್ಕೆ ಸುಮಾರು 16 ಕಿಲೋಮೀಟರ್ ದೂರದಲ್ಲಿ ಪಡುಗಡಲಿಗೆ ಮೈಯೊಡ್ಡಿ ನಿಂತಿದೆ ಬೇಕಲ ಕೋಟೆ. ಕೆಳದಿಯ ಶಿವಪ್ಪನಾಯಕನು 17ನೆಯ ಶತಮಾನದ ಮಧ್ಯಭಾಗದಲ್ಲಿ ಮುರಕಲ್ಲಿನಿಂದ ಕಟ್ಟಿಸಿದ ಈ ಕೋಟೆಯ ವಿಸ್ತಾರ ಸುಮಾರು 40 ಎಕರೆ. ಕನ್ನಡದ ಅರಸನೊಬ್ಬನ ಕೈಗುರುತನ್ನು ನಮ್ಮ ಮಕ್ಕಳು ಕಣ್ಣಾರೆ ಕಾಣಲೆಂದು ಈ ಸಲ ಏಳನೆಯ ತರಗತಿಯವರನ್ನು ಅಲ್ಲಿಗೆ ಕರೆದೊಯ್ದೆವು.

ಆ ತರಗತಿಯ ಒಬ್ಬ ಬಾಲಿಕೆಯ ಹೆಬ್ಬೆರಳು ಬಾಗಿ ಮುಂಗೈಯನ್ನೇ ಮುಟ್ಟುತ್ತದೆ. ಓರಗೆಯವರಿಗೆ ಅದೊಂದು ತಮಾಷೆ. ಅವಳಿಗೆ ಇರುಳೆಲ್ಲ ಕೀಲುನೋವು. ವೈದ್ಯರು ಇದನ್ನು ಏಲರ್ಸ್-ಡಾನ್ಲೋಸ್ ಎಂಬ ವ್ಯಾಧಿಯೆಂದು ಗುರುತಿಸಿದ್ದಾರೆ. ಕೀಲುಗಳನ್ನು ಹಿಡಿದಿಡಬೇಕಾದ ಸಂಯೋಜಕ ಅಂಗಾಂಶವೇ ಇದರಲ್ಲಿ ಸಡಿಲ. 2017ರ ವರ್ಗೀಕರಣದಂತೆ ಇದರಲ್ಲಿ 13 ಬಗೆಗಳಿವೆ. ಇವಳಿಗಿರುವ ಬಗೆಯನ್ನು ಬೇರುಸಹಿತ ಕಳೆಯುವ ಮದ್ದಿಲ್ಲ. ತಕ್ಕ ವ್ಯಾಯಾಮದಿಂದ ಸ್ನಾಯುಗಳನ್ನು ಬಲಪಡಿಸಿ ಕೀಲಿಗೆ ಆಸರೆ ಕೊಡಬೇಕು.

"ಅವಳು ಮನೆಯಲ್ಲೇ ಇರಲಿ ಮಾಷ್ಟ್ರೇ" ಎಂದರು ತಂದೆ. ಅವರ ಅಂಜಿಕೆ ಸಹಜವೇ. ಆದರೆ ಕುಳಿತಲ್ಲೇ ಕುಳಿತರೆ ಸ್ನಾಯುಗಳು ಇನ್ನಷ್ಟು ಸೊರಗುತ್ತವೆಂದು ವೈದ್ಯರೇ ಹೇಳಿದ್ದನ್ನು ನೆನಪಿಸಿ ಅವರನ್ನು ಒಪ್ಪಿಸಿದೆವು.

ಅವಳ ಚೀಲವನ್ನು ನಾವೇ ಹೊತ್ತೆವು. ಕಾಲಿಗೆ ಪಟ್ಟಿಯುಳ್ಳ ಗಟ್ಟಿ ಪಾದರಕ್ಷೆ. ಎದ್ದು ನಿಂತಾಗ ತಲೆ ತಿರುಗುವುದರಿಂದ, ವೈದ್ಯರು ಅವಳಿಗೆಂದೇ ಹೇಳಿದಂತೆ, ಉಪ್ಪು ಹಾಕಿದ ಮಜ್ಜಿಗೆ. ಹತ್ತು ನಿಮಿಷ ನಡಿಗೆ, ಬಳಿಕ ವಿಶ್ರಾಂತಿ. ಇದು ಇಡೀ ತರಗತಿಗೇ ಅನ್ವಯ. ಕುಳಿತಲ್ಲೆಲ್ಲ ಚರಿತ್ರೆಯ ಒಂದು ತುಣುಕು: ಒಂದು ಕಡೆ ಕೆಳದಿಯ ನಾಯಕರು, ಇನ್ನೊಂದೆಡೆ ಹೈದರ್ ಮತ್ತು ಟಿಪ್ಪು, ಮತ್ತೊಂದೆಡೆ 1799ರಲ್ಲಿ ಟಿಪ್ಪು ಮಡಿದ ಮೇಲೆ ಬಂದ ಕಂಪೆನಿಯ ಆಳ್ವಿಕೆ. ಯಾರಿಗಾಗಿ ಈ ನಿಧಾನವೆಂದು ಯಾರೂ ಕೇಳಲಿಲ್ಲ.

ವೀಕ್ಷಣಾ ಬುರುಜಿನ ಏರಿನ ನಡುವೆ ಅವಳು ನಿಂತಳು. "ಮೊಣಕಾಲು ಜಾರುವ ಹಾಗಾಗುತ್ತಿದೆ, ನನಗೆ ಇಷ್ಟು ಸಾಕು" ಎಂದಳು. ಹಿಂದೆಲ್ಲ ಗೆಳತಿಯರ ಮುಂದೆ ನಾಚಿ, ಕೀಲು ತಪ್ಪುವವರೆಗೂ ನಡೆದು, ಮೂರು ನಾಲ್ಕು ದಿನ ಹಾಸಿಗೆ ಹಿಡಿಯುತ್ತಿದ್ದವಳು. ಗೆಳತಿಯೊಬ್ಬಳು ಜೊತೆಗೆ ಕುಳಿತಳು. ಅಲ್ಲಿಂದಲೂ ಕಡಲು ಕಾಣುತ್ತಿತ್ತು. ಬಂಡೆಗಳಿಗೆ ಬಡಿಯುವ ತೆರೆಗಳನ್ನು ಇಬ್ಬರೂ ಎಣಿಸುತ್ತಿದ್ದರು.

ಮರುದಿನ ಹಾಜರಿ ಕರೆದಾಗ ಅವಳ ದನಿ ಕೇಳಿತು. ಪ್ರವಾಸದ ಮರುದಿನ ಅವಳು ಶಾಲೆಗೆ ಬಂದದ್ದು ಅದೇ ಮೊದಲು.

ವಾಚಕ ಬಂಧುಗಳೇ, ನಿಮ್ಮ ಮನೆಯ ಮಗುವಿನ ಕೀಲು ಪದೇ ಪದೇ ಉಳುಕಿದರೆ, ಅದನ್ನು ಸೋಮಾರಿಯೆಂದು ಜರೆಯದೆ ವೈದ್ಯರಿಗೆ ತೋರಿಸಿರಿ. ಬೆರಳು ಬಾಗಿಸಿ ತೋರಿಸೆಂದು ನೆಂಟರ ಮುಂದೆ ಒತ್ತಾಯಿಸದಿರಿ. ಬೇಕಲಕ್ಕೆ ಹೋದಾಗ ಅದರ ಹೆಜ್ಜೆಗೆ ಹೆಜ್ಜೆಯಿಟ್ಟು ನಡೆಯಿರಿ.